ಆರಿಸುವುದು

"ದೀಪ ಆರಿಸಿ," ಅಂದರು ಕೋಡ್ಲಿ ಡಾಕ್ಟರು.
ನಮ್ಮವ್ವನಿಗೂ ಮಿಲ್ಲಿನ ಮುಕಾದಮ ಹೇಳುತ್ತಿದ್ದುದು ಇದೇ ಮಾತು,
ಅಲ್ಲಿ ಅದರ ಅರ್ಥ ಬೇರೆ:
ಮೊರದ ತುಂಬ ತೊಗರಿಬೇಳೆ, ಒಂದೇ ಕಿಟಕಿ,
"ಆರಿಸು ಮಾಂತವ್ವ, ಲಗೂ ಆರಿಸು."

ಥಿಯೇಟರಿನ ದೊಡ್ಡ ದೀಪ ಹೋಯಿತು.
ಕಿಟಕಿಗೆ ಕಪ್ಪು ಕಾಗದ, ಬಾಗಿಲ ಸಂದಿಗೆ ಚಾದರ,
ಮಾನಿಟರಿನ ಹಸಿರು ಚುಕ್ಕಿಗೆ ಬ್ಯಾಂಡೇಜಿನ ಪಟ್ಟಿ.
ಹೊರಗೆ ಕಲಬುರಗಿ ನಲವತ್ಮೂರರಲ್ಲಿ ಕುದಿಯುತ್ತಿದೆ,
ಕ್ಯಾಮೆರಾದ ಹೊಟ್ಟೆಯಲ್ಲಿ ಮಾತ್ರ ಹಿಮ.
ಅಷ್ಟು ತಣ್ಣಗಿರದಿದ್ದರೆ ಅದಕ್ಕೆ
ತನ್ನ ಬಿಸಿಯೇ ಬೆಳಕೆಂದು ತೋರುತ್ತದೆ.

ಮೇಜಿನ ಮೇಲೆ ಲಾಡ್ಲೆಸಾಬ, ಚಪ್ಪಲ್ ಬಜಾರಿನ ದರ್ಜಿ.
ನಲವತ್ತು ವರ್ಷ ಎಡಹಲ್ಲಲ್ಲಿ ದಾರ ಕಡಿದವ,
ಅದೇ ಪಕ್ಕಕ್ಕೆ ಜರ್ದಾ ಇಟ್ಟವ.
ನಾಲಿಗೆಯ ಅಂಚಿಗೆ ಗಂಟು.
ಅರಿವಳಿಕೆಗೆ ಮುಂಚೆ ನನ್ನ ತೋಳು ಹಿಡಿದು ನೋಡಿದ್ದ:
"ಹಸಿರು ಗೌನಿಗಿ ಬಿಳಿ ದಾರ ಯಾರ್ ಹಾಕ್ಯಾರವ್ವಾ?
ಕಣ್ಣಿಗಿ ಚುಚ್ಚಲತ್ತದ."
ಆಮೇಲೆ, "ನಿನ್ ಮಷಿನ್ ಎಷ್ಟು ಬಣ್ಣ ನೋಡ್ತದ?"
"ಇನ್ನೂರಾ ನಾಲ್ಕು."
"ನನ್ ಡಬ್ಬಿದಾಗ ಕರೀದೇ ಹನ್ನೊಂದವ," ಅಂದವನು
ಹಾಗೇ ಮಂಪರಿಗೆ ಜಾರಿದ.

ಬೆಳಿಗ್ಗೆ ಕುಡಿಸಿದ ಔಷಧಿ ಮೈಯೆಲ್ಲ ತಿರುಗಿ
ಈಗ ಗಂಟಿನ ಮನೆ ಹೊಕ್ಕಿರಬೇಕು.
ನೇರಳೆ ಬೆಳಕು ಬಿಟ್ಟೆ.
ಬಾಯಿ ಒಲೆಯಾಯಿತು.
ಗಂಟು ಕೆಂಪು. ಹಲ್ಲಿನ ಬುಡ ಕೆಂಪು.
ನಾಲಿಗೆಯ ಹಿಂದೆ ಒಂದು ಮಚ್ಚೆ, ಅದೂ ಕೆಂಪು.
"ಅದನ್ನೂ ತೆಗೀಬೇಕೇನು?" ಕತ್ತಲಲ್ಲಿ ಡಾಕ್ಟರ ದನಿ.

ಲಾಖ ಬೇಳೆ ಅಂತ ಒಂದಿದೆ.
ತೊಗರಿಯದೇ ಬಣ್ಣ, ತೊಗರಿಯದೇ ಮೈ,
ದಿನಾ ತಿಂದವರ ಕಾಲು ಸೇದುತ್ತದೆ.
ಅವ್ವ ಕಣ್ಣನ್ನು ನೆಚ್ಚುತ್ತಿರಲಿಲ್ಲ. ಬೆರಳ ತುದಿಯಲ್ಲಿ ಹೊಳ್ಳಿಸಿ,
ಮತ್ತೊಮ್ಮೆ ಹೊಳ್ಳಿಸಿ,
"ಇದರ ಮೂಲಿ ಬ್ಯಾರೆ" ಅಂದು ಒಗೆಯುತ್ತಿದ್ದಳು.
ಬಣ್ಣ ನೋಡಿ ಬೇಳೆ ಉಗುಳುವ ಯಂತ್ರ ಬಂದ ವರ್ಷ
ಮುಕಾದಮ ಅವಳ ಮೊರ ಅವಳ ಕೈಗೇ ಕೊಟ್ಟು ಕಳಿಸಿದ.
ಆ ಸಿಟ್ಟು ನನಗಿನ್ನೂ ಇದೆ.
ಉಣ್ಣುವುದು ಅಂಥದೇ ಯಂತ್ರದ ಸಂಬಳ.

ಬೆಳಕನ್ನು ಎಳೆ ಎಳೆಯಾಗಿ ಬಿಡಿಸಿದೆ.
ಗಂಟಿನ ಗೆರೆ ಚೂಪಾಗಿ ಏರಿ, ಇಳಿದು, ದೂರದಲ್ಲೊಂದು ದಿಬ್ಬ.
ಹಿಂದಿನ ಮಚ್ಚೆಯ ಗೆರೆಯೂ ಹಾಗೇ,
ಆದರೆ ಒಂದು ಕೂದಲಷ್ಟು ಈಚೆಗೆ.
ಮೂಲಿ ಬೇರೆ.
"ಬೇಡ ಸರ್, ಅದು ಬಾಯಿಯ ಕೊಳೆ, ಕ್ರಿಮಿಗಳದು, ಒರೆಸಿದರೆ ಹೋಗುತ್ತೆ.
ಆದರೆ ಇಲ್ಲಿ, ಗಂಟಿಂದ ಆರು ಮಿಲಿಮೀಟರು ಮುಂದೆ..."
"ಅಲ್ಲೇನೂ ಕಾಣ್ತಿಲ್ಲ."
"ಹೌದು ಸರ್. ಕಾಣಲ್ಲ."

ಅವರು ನಂಬಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ.
ತೆಳುವಾದ ಚೂರೊಂದು ಲ್ಯಾಬಿಗೆ ಹೋಯಿತು.
ಇಪ್ಪತ್ತೆರಡು ನಿಮಿಷ ನಿಂತೇ ಇದ್ದೆವು,
ದೀಪ ಹಾಕಲು ಯಾರಿಗೂ ನೆನಪಾಗಲಿಲ್ಲ.
ಆಗ ನೋಡಿದೆ: ನನ್ನ ತೋಳಿನ ಹೊಲಿಗೆ,
ಒಂದೊಂದು ಟಾಕಿಯೂ,
ನೀಲಿಯಾಗಿ ಉರಿಯುತ್ತಿತ್ತು.

ಲ್ಯಾಬಿನ ಫೋನು ಒಂದೇ ಮಾತು ಆಡಿತು. ಇದೆ.

ಮೂರು ತಿಂಗಳಿಗೆ ಲಾಡ್ಲೆಸಾಬ ಬಂದ.
ನಾಲಿಗೆ ಗಿಡ್ಡ. ತನ್ನ ಹೆಸರಿನ ಮೊದಲ ಅಕ್ಷರ
ಅವನ ಬಾಯಿಗೆ ಇನ್ನು ಬರುವುದಿಲ್ಲ.
ಪರದೆಯ ಚಿತ್ರ ತೋರಿಸಿದೆ. ಗಂಟಿನ ಮೇಲೆ ಬೆರಳಿಟ್ಟ,
ಹುಬ್ಬು ಏರಿಸಿ ಕೇಳಿದ: ಹಳದಿನಾ?
"ಅದು ನಾನು ಆರಿಸಿದ ಬಣ್ಣ ಅಜ್ಜಾ. ಯಂತ್ರಕ್ಕೆ ಬಣ್ಣ ಗೊತ್ತಿಲ್ಲ,
ಅಂಕಿ ಕೊಡುತ್ತದೆ. ಬಳಿಯುವವಳು ನಾನು."
ನಕ್ಕ. ಜೊಲ್ಲು ಒರೆಸಿಕೊಂಡ.
ಮತ್ತೆ ಅಂಗಿಯ ಕಿಸೆಯಿಂದ ಹಸಿರು ದಾರದ ರೀಲು ತೆಗೆದು
ಮೇಜಿನ ಮೇಲಿಟ್ಟು ಹೋದ.

ಗೌನಿನ ತೋಳಿಗೆ ಅದನ್ನು ಹಿಡಿದು ನೋಡಿದೆ.
ದಾರ ಎಲ್ಲಿ ಹೋಯಿತೆಂದು
ಹುಡುಕಬೇಕಾಯಿತು.