ಎರಡು ಸುತ್ತು ಹೊರಗೆ

ತಗ್ಗಿನ ಸೆಕೆಯೂರಿನಿಂದ ಲಾರಿ ಹತ್ತಿ
ಎಲ್ ಆಲ್ತೊಗೆ ಬಂತು ಎವಾರಿಸ್ತೋನ ನೂರು ಸಿಸಿ ಬೈಕು.
ಕಿಕ್ ಹೊಡೆದೂ ಹೊಡೆದೂ
ಅವನಿಗೇ ಏದುಸಿರು.

ಹಿಲಾರಿಯಾ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದಳು:
ಮಡಕೆಯ ತಳದ ಹಾಗೆ ಮಸಿ.
"ಪೆಟ್ರೋಲು ಕುಡಿದು ಮುಳುಗಿದೆ.
ಇಲ್ಲಿ ಗಾಳಿಗೇ ಬಡತನ,
ಇದಕ್ಕೂ ಅರೆಹೊಟ್ಟೆ ಕಲಿಸಬೇಕು."

ಜೆಟ್ಟಿನ ಕಣ್ಣು ಸೂಜಿಯದಕ್ಕಿಂತ ಸಣ್ಣದು.
ಬೆಟ್ಟದ ಹುಲ್ಲಿನ ಎಸಳು ಸೀಳಿ ತೂರಿಸಿ
ತುಟಿಗಿಟ್ಟು ಊದಿದಳು.
ಗಾಳಿ ಸ್ಕ್ರೂ ಮೆಲ್ಲಗೆ ಒಳಗೆ, ಕೂತಿತು ಎನ್ನುವಷ್ಟೇ;
ಆಮೇಲೆ ಹೊರಗೆ. ಒಂದು. ಒಂದೂವರೆ.
"ಅದು ನಿಮ್ಮೂರಿನ ಲೆಕ್ಕ." ಎರಡು.

ಮೊದಲ ಕಿಕ್ಕಿಗೆ ಕೆಮ್ಮಿತು, ಮೂರಕ್ಕೆ ಹಿಡಿಯಿತು.
"ಆಕ್ಸಿಲರೇಟರ್ ಮುಟ್ಟಬೇಡ!"
ದುಂಡು ಟೋಪಿ ಸರಿಸಿ ಬಲಗಿವಿ ಕೊಟ್ಟಳು
(ಎಡದ್ದು ಎಂದೋ ಗಣಿಯ ಸಿಡಿಮದ್ದಿಗೆ ಹೋಗಿದೆ),
ಕೂದಲೆಳೆ ತಿರುವಿ, ಕೇಳಿ, ತಿರುವಿ.

ಟ್ಯಾಂಕಿನ ಮೇಲಿಟ್ಟ ನಟ್ಟು
ನಡುಗುತ್ತ ಜಾರಿ ಅಂಚಿಗೆ ಬಂತು.
ಇನ್ನೊಂದು ಎಳೆ ಇಳಿಸಿದಳು.
ಅಲ್ಲೇ ನಿಂತಿತು.

"ಎಷ್ಟಾಯ್ತು?" ಎಂದ, ಗೋಡೆ ಹಿಡಿದು.
"ಇಪ್ಪತ್ತು. ಮೊದಲು ಕೂತುಕೋ ಮಾರಾಯ,
ನಿನ್ನ ಎದೆಗೆ ಹಾಕುವ ಸ್ಕ್ರೂಡ್ರೈವರ್
ನನ್ನ ಹತ್ತಿರ ಇಲ್ಲ."