ಒಂಬತ್ತನೇ ದಿನದ ನೀರು

ಸುರಪುರದ ಬಸ್ಸು ನನ್ನ ಇಳಿಸಿ ಹೋದಾಗ
ಬಳ್ಳಾರಿ ಬಿಸಿಲು ನಡುನೆತ್ತಿ ಮ್ಯಾಲೆ.
ಟ್ರಂಕಿನಾಗ ಎರಡು ಜೊತಿ ಬಟ್ಟಿ, ಶೇಂಗಾ ಹಿಂಡಿ ಡಬ್ಬಿ,
ಅವ್ವನ ಹಳೇ ಕತ್ತರಿ,
ಮತ್ತ ಚೀಟಿ ಮ್ಯಾಲೆ ಒಂದು ವಿಳಾಸ:
ಕೌಲ್ ಬಜಾರ್, ಮಸೂತಿ ಹಿಂದಿನ ಓಣಿ,
ಓಬುಳಮ್ಮನ ಮನಿ, ಹಸಿರು ಬಾಗಿಲ.

ಆ ಓಣಿಯಾಗ ಹಸಿರು ಬಾಗಿಲ ಏಳು ಇದ್ದವು.

ಏಳನೇದು ತೆಗೆದ ಮುದುಕಿ
ಕಾಲಿನಿಂದ ತಲಿತನಕ ನೋಡಿ
ತೆಲುಗಿನಾಗ ಏನೋ ಕೇಳಿದಳು.
ನಾ ನಕ್ಕೆ.
ಗೊತ್ತಿರದ ಮಾತಿಗೆ ನನ್ನ ಹತ್ರ ಇದ್ದ ಉತ್ತರ ಅದೊಂದೇ.
ಆಕಿ ನಗಲಿಲ್ಲ. ಒಳಗ ಕರೆದು
ಗೋಡೆ ಕ್ಯಾಲೆಂಡರಿನ ಪೆನ್ಸಿಲ್ ಸುತ್ತು ತೋರಿಸಿದಳು,
ಆಮೇಲೆ ಒಣಗಿದ ನಲ್ಲಿ ತೋರಿಸಿದಳು,
ಆಮೇಲೆ ಒಂಬತ್ತು ಬೆರಳು.
ಅಷ್ಟು ತಿಳೀತು:
ಈ ಊರಿನ ವಾರಕ್ಕ ಒಂಬತ್ತು ದಿನ.

ಕಾರ್ಖಾನೆಯಾಗ ಆಗಲೇ ಇಬ್ಬರು ಅಯ್ಯಮ್ಮ.
ಮೂರನೇಯವಳಿಗೆ ಹೆಸರು ಉಳಿದಿರಲಿಲ್ಲ.
ಮೇಸ್ತ್ರಿ ರಿಜಿಸ್ಟರಿನಾಗ ಊರನ್ನೇ ಬರಕೊಂಡ.
"ಏ ಸುರಪುರ, ಜೇಬು ತಾ."
"ಸುರಪುರ, ದಾರ ಕತ್ತರಿಸಿಲ್ಲ ನೋಡು."
ನನ್ನ ಇಡೀ ಊರು, ಅದರ ಗುಡ್ಡ, ಅದರ ಅಗಸಿ ಬಾಗಿಲ,
ನಮ್ಮ ಮಾಸ್ತರು, ನಮ್ಮ ಎಮ್ಮಿ ಸಮೇತ
ದಿನಾ ಎಂಟು ತಾಸು
ಮಂದಿಯ ಪ್ಯಾಂಟಿಗೆ ಜೇಬು ಹೊತ್ತು ತಿರುಗಾಡಿತು.

ಮೊದಲ ವಾರಕ್ಕೇ ಉಗುರು ನೀಲಿ.
ಸೋಪು ಹಚ್ಚಿದೆ, ನಿಂಬೆಹಣ್ಣು ತಿಕ್ಕಿದೆ.
"ಬಿಡು, ಇದು ನಮ್ಮ ಮದರಂಗಿ,"
ಅಂದಳು ಗುಂಡಿ ಹಚ್ಚುವ ಹುಸೇನ್‌ಬಿ.
ಹನ್ನೊಂದು ವರ್ಷದಿಂದ ಆಕಿ ಕೈ
ಮದುವಿಮನ್ಯಾಗ ಸೆರಗಿನೊಳಗ ಇರ್ತದಂತ.

ನಾ "ಅದ" ಅಂದರ ಅವರು "ಐತೆ" ಅಂತಾರ.
ನಾ ಸುಸಲ ಕೇಳಿದರ ಬಂಡಿಯವ ಒಗ್ಗರಣಿ ಕೊಡ್ತಾನ.
ಅದೇ ಮಂಡಕ್ಕಿ, ಅದೇ ಪುಟಾಣಿ ಹಿಟ್ಟು,
ಮೆಣಸಿನಕಾಯಿ ಬಜ್ಜಿ ಮಾತ್ರ
ಕಣ್ಣೀರಿಗೆ ಒಳ್ಳೇ ನೆಪ.

ದಾರಿ ಗುರುತಿಗೆ ಕೋಟೆಗುಡ್ಡ ಇತ್ತು.
ಎಡಕ್ಕ ಬಂದರ ಕಾರ್ಖಾನೆ, ಬಲಕ್ಕ ಬಂದರ ಮನಿ.
ಒಂದು ಐತವಾರ ಸಂಜಿ
ಕೆಂಪು ಧೂಳೆದ್ದು ಗುಡ್ಡವೇ ಇಲ್ಲ.
ಮೋತಿ ವೃತ್ತದಾಗ ನಾಕು ಕಡಿ ತಿರುಗಿ ನಿಂತೆ.
ಯಾರಿಗೆ ಏನಂತ ಕೇಳಲಿ?
ಗುಡ್ಡ ಎಲ್ಲಿ ಹೋಯ್ತು ಅಂತನಾ?
ಅವತ್ತೇ ಅವ್ವ ಫೋನ್ ಮಾಡಿದ್ದಳು.
"ಊರು ಹೆಂಗದ?"
"ದೊಡ್ಡದದ."
ಅದಕ್ಕಿಂತ ಹೆಚ್ಚಿಗಿ ನನಗೂ ಗೊತ್ತಿರಲಿಲ್ಲ.

ಕ್ಯಾಲೆಂಡರಿನ ಹನ್ನೊಂದನೇ ಸುತ್ತು.
ಮಾಳಿಗಿ ಮ್ಯಾಲೆ ಎಲ್ಲಾರೂ ಚಾಪಿ ಹಾಸಿ ಮಲಗಿದ್ದಿವಿ.
ಬಂಡೆ ಹಗಲಿಡೀ ಕುಡಿದ ಬಿಸಿ
ಇನ್ನೂ ಉಸಿರಿನಾಗ ಬಿಡ್ತಿತ್ತು.
ರಾತ್ರಿ ಎರಡೂಕಾಲಿಗೆ ಎಚ್ಚರಾಯ್ತು.
ಯಾಕಂತ ಗೊತ್ತಿಲ್ಲ. ನಾಯಿ ಬೊಗಳಿರಲಿಲ್ಲ,
ರೈಲು ಹೋಗಿರಲಿಲ್ಲ.
ಕೆಳಗ, ಹಿತ್ತಲ ಕತ್ತಲಾಗ
ನಲ್ಲಿ ಬಾಯಿ ಸಣ್ಣಗ ಬುಸುಗುಡ್ತಿತ್ತು.
ನೀರಲ್ಲ, ನೀರಿಗಿಂತ ಮುಂಚಿನ ಗಾಳಿ.

ಮೆಟ್ಟಿಲ ಇಳಿದೆನೋ ಹಾರಿದೆನೋ.
ಹಸಿರು ಬಾಗಿಲ ಒಂದು, ಎರಡು, ಮೂರು,
ಅಂಗೈಲಿ ಬಡೀತಾ ಓಣಿ ತುಂಬ ಓಡಿದೆ:
"ನೀಳ್ಳೊಚ್ಚಾಯಿ! ಲೇವಂಡಿ, ನೀಳ್ಳೊಚ್ಚಾಯಿ!"
ಐದನೇ ಬಾಗಿಲಿಗೆ ಬಂದಾಗ
ನನ್ನ ಬಾಯಾಗಿನ ಮಾತು ನನಗ ಕೇಳಿಸಿತು.
ಯಾವಾಗ ಕಲಿತೆ? ಯಾರು ಕಲಿಸಿದರು?
ನಿಂತು ವಿಚಾರ ಮಾಡಾಕ ಹೊತ್ತಿರಲಿಲ್ಲ.

ಬಿಂದಿಗಿ, ಬಕೀಟು, ಡ್ರಮ್ಮು, ಕಣ್ಣು ತಿಕ್ಕೋ ಕೂಸು,
ಓಣಿಗೆ ಓಣಿಯೇ ಎದ್ದು ಬಂತು.
ಓಬುಳಮ್ಮ ಕೂದಲು ಗಂಟು ಹಾಕ್ಕೋತಾ
ನನ್ನ ಮುಂದ ನಿಂತು
ಮೊದಲ ಸಲ ಕನ್ನಡದಾಗ ಬೈದಳು:
"ಹುಚ್ಚಿ, ಎಲ್ಲಾರನ್ನ ಎಬ್ಬಿಸಿದಿ,
ನಿನ್ನ ಕೊಡ ಎಲ್ಲಿ?"

ಕೊಡ ಮಾಳಿಗಿ ಮ್ಯಾಲೆ, ತಲಿದಿಂಬಿನ ಬಾಜೂಕ.
ಮುಂದ ಹದಿನಾರು ಬಿಂದಿಗಿ ಪಾಳಿ.