ಅರವತ್ತೆಂಟನೇ ಇಸವಿ, ನಮ್ಮ ಕಟ್ಟಿ ಮ್ಯಾಲ

ಅವನ ಹೆಸರು ಗಾರ್ಡನ್. ನಮ್ಮವ್ವನ ಬಾಯಾಗ ಗೋರಪ್ಪ.
ಗುಳೇದಗುಡ್ಡಕ್ಕ ಕೋಳಿ ಸಾಕೂದು ಕಲಸಾಕ
ಅಮೆರಿಕದಿಂದ ಬಂದ ಹುಡುಗ.
ಬಾಡಿಗಿ ಹಿಡದದ್ದು ತತ್ತಿ ಮುಟ್ಟದವರ ಮನಿ.
"ಕೋಳಿ ಹಿತ್ತಲದಾಗ ಇರಲಿ, ತತ್ತಿ ಹೊಸ್ತಿಲಾ ದಾಟಬಾರದು"
ಅವ್ವ ಹಾಕಿದ ಕರಾರಿಗೆ
ಕನ್ನಡದಾಗ ಸಹಿ ಮಾಡಿದ್ದ, ಗ ಅಕ್ಷರ ತಿರುಗಾಮುರುಗಾ.

ನನಗ ಆಗ ಹನ್ನೊಂದು. ಕಂಡಿಕಿ ಸುತ್ತೂದು ನನ್ನ ಕೆಲಸ.
ಅಪ್ಪ ಕುಣ್ಯಾಗ ಕಾಲ ಇಳಿಬಿಟ್ಟು
ಆನಿಹೆಜ್ಜಿ ಖಣ ನೇಯತಿದ್ದ.
ಮಗ್ಗದ ಸಪ್ಪಳಕ್ಕ ಕೇಳಂಗಿಲ್ಲಂತ
ಗೋರಪ್ಪ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿ ಹಿಡದು
ಹಲ್ಲು ನೋಯೂವ್ರಂಗ ಕುಂದರತಿದ್ದ.

ಯುಗಾದಿ ಆಗಿ ವಾರ ಆಗಿತ್ತು.
ಮುಂಜಾನಿ ರೊಟ್ಟಿ ಅವನ ಮುಂದ ಹಂಗ ಆರಿತು.
"ಯಾರು ತೀರಿಕೊಂಡ್ರೋ?" ಅಂದಳು ಅವ್ವ.
"ನಮ್ಮ ಮನಿಯವರಲ್ಲ" ಅಂದ.
ತಡದು, "ನಮ್ಮ ಮನಿಯವರೇ" ಅಂದ.
ಯಾರು ಹೊಡದ್ರು? ಬಿಳಿಯಾವ.
ಯಾರನ್ನ? ಕರಿಯಾವನ್ನ.
ಯಾಕ?
ಬಾಯಿ ತಗೀಲಿಲ್ಲ.
ಕಟ್ಟಿ ಕೆಳಗ ದುರಗವ್ವ ನಿಂತಿದ್ದಳು, ಕೋಳಿಗೂಡು ಬಳದು,
ಚಾದ ಪರಟಿ ತಾನೇ ತಂದಿದ್ದಳು.
ಅವ ಅತ್ತ ನೋಡಿದ. ನಾವೂ ನೋಡಿದ್ವಿ.
ಲಾಳಿ ನಿಂತಿತು. ಅಪ್ಪ ಕುಣ್ಯಾಗಿಂದ ಅಂದ:
"ಇಪ್ಪತ್ತು ವರ್ಷದ ಹಿಂದ ನಮ್ಮ ಮುದುಕಪ್ಪನ್ನೂ ಹಿಂಗ.
ಆ ದಿನ ಇಡೀ ಪ್ಯಾಟಿ ಮಗ್ಗ ಸುಮ್ಮನಿದ್ದವು."
ಮುಂದ ಯಾರೂ ಮಾತಾಡಲಿಲ್ಲ.
ದುರಗವ್ವ ಮಾತ್ರ, "ಚಾ ಹಾಕ್ರೀ ಎವ್ವಾ, ಹೊತ್ತಾತು."

ಜೂನಿನಾಗ ಮತ್ತೊಂದು ಗುಂಡು.
ಝಳಕ್ಕ ಎಂಟು ಬಿಳಿ ಕೋಳಿ ಸತ್ತ ಮಧ್ಯಾಹ್ನ.
"ನಿಮ್ಮ ನಾಡಾಗ ಒಳ್ಳೇವ್ರು ಮುಪ್ಪಾಗೂದ ಇಲ್ಲೇನೋ ತಮ್ಮಾ?"
ಅವ್ವ ಅವನ ನೆತ್ತಿಗೆ ಹರಳೆಣ್ಣಿ ಒತ್ತಿದಳು.

ಗಣಪತಿ ಕಳಿಸಿದ ಮ್ಯಾಲ ಅವನ ತಂಗಿ ಕಾಗದ ಬಂತು:
ಚಿಕಾಗೋದ ಬೀದ್ಯಾಗ ಪೊಲೀಸರ ಬಡಿಗಿ, ಹಣಿಗೆ ಏಳು ಹೊಲಿಗಿ.
ಅದ ಲಕೋಟಿಯಾಗ ಅವರ ಓಣಿ ಹುಡುಗನ ಫೋಟೊ,
ವಿಯೆಟ್ನಾಮಿಗೆ ಹೋದಾವ. ಹಿಂದ ಎರಡು ತಾರೀಖು.
ಮೊದಲನೇದು ಹುಟ್ಟಿದ್ದು ಅಂದ.
ಎರಡನೇದು ನಾನು ಕೇಳಲಿಲ್ಲ.

ಹಂಗಂತ ಬರೇ ಸಾವಿನ ವರ್ಷ ಅಲ್ಲ ಅದು.
ಟ್ರಾನ್ಸಿಸ್ಟರಿನಾಗ ಹಾಡು ಹತ್ತಿದರ
ಕೋಳಿಗೆ ನುಚ್ಚು ಚೆಲ್ಲಿಕೋತ ಕುಣೀತಿದ್ದ,
ಕೂದಲಾ ಹೆಗಲಿಗೆ ಬಂದಿದ್ದವು.
"ಹರಕಿ ಏನು?" ಕೇಳಿದ ಓಣಿಯ ಸಂಕಣ್ಣ.
"ಹೂಂ, ಹರಕಿ" ಅಂದ ಗೋರಪ್ಪ.

ಎಳ್ಳಮಾಸಿ ಮುಂದ ಒಂದು ಪತ್ರಿಕಿ:
ಕೊಳ್ಳಾಗ ಪದಕ, ಬಗ್ಗಿದ ತಲಿ,
ಮ್ಯಾಲೆತ್ತಿದ ಮುಷ್ಟಿಗೆ ಕರೇ ಕೈಗವಸು.
ನೂಲಿನ ಪೆಟ್ಟಿಗಿ ಏರಿ ನಾನೂ ಹಂಗ ನಿಂತೆ,
ಕೈಗೆ ಅಪ್ಪನ ಹಳೇ ಕಾಲಚೀಲ.
"ಇಳೀ, ಬಿದ್ದೀ" ಅಂದಳು ಅವ್ವ.

ಆ ವರ್ಷದ ಕಡೇ ಚಿತ್ರ ನಮಗ ಮುಟ್ಟಿದ್ದು ಶಿವರಾತ್ರಿಗೆ.
ಚಂದ್ರನ ಬೂದಿ ಅಂಗಳದಾಚೆ ಅರ್ಧಾ ಎದ್ದ ಭೂಮಿ,
ನೀಲಿ ಬಣ್ಣದಾಗ ಅದ್ದಿ ತಗದ ಲಡಿಯಂಗ,
ಇನ್ನೂ ಹನಿ ಸೋರತಿರಬೇಕು ಅನಸೂವಂಗ.
ಅಪ್ಪ ಕುಣಿ ಬಿಟ್ಟು ಎದ್ದು ಬಂದ. "ನಮ್ಮ ಗುಡ್ಡ ಎಲ್ಲೈತಿ?"
"ಮೋಡದ ಕೆಳಗ."
ದುರಗವ್ವನ ಕಣ್ಣು ಮಂಜು, ಕೆಳಗಿಂದ ಕಾಣಲಿಲ್ಲ.
"ಬಾ" ಅಂದ ಗೋರಪ್ಪ.
ಎರಡ ಪಾವಟಿಗಿ. ಏರಿ ಬಂದಳು.
ಸೆರಗಿಗೆ ಬೆರಳು ಒರಸಿ, ಭೂಮಿ ಮ್ಯಾಲ ಇಟ್ಟು,
"ಇದರಾಗ ಓಣಿ ಯಾವ್ದೂ ಇಲ್ಲಲ್ಲರೀ" ಅಂದಳು.

ಮಳಿಗಾಲಕ್ಕ ಗೋರಪ್ಪ ಹೋದ, ಎರಡು ಖಣ ತಗೊಂಡು.
ಉಳದ ಕೋಳಿ ಯಾರ್ಯಾರೋ ಒಯ್ದರು.
ಜಗತ್ತು ಹೊರಳಿದ ವರ್ಷ ಅಂತ ಈಗ ಬರೀತಾರ.
ಖರೇನ ಹೊರಳಿರಬೇಕು, ನಾನs ಸಾಕ್ಷಿ.
ಆದರ ಆ ಸಂಜಿ, ದುರಗವ್ವ ಇಳದು ಹೋದ ಮ್ಯಾಲ,
ಅವ್ವ ಎರಡು ಕೊಡ ನೀರು ಹಾಕಿ ಕಟ್ಟಿ ತೊಳದಳು.
ಸೇದಿ ಕೊಟ್ಟಾಕಿ ನಾನು.